ಗೋಕರ್ಣದ ಕಡೆಯೋ, ಕುಮಟಾದ ಕಡೆಯೋ?

ಗೋಕರ್ಣದಿಂದ ಕುಮಟಾವರೆಗಿನ ಕಡಲ ದಾರಿಯನ್ನು ನಾವು ಎರಡು ಸಲಕ್ಕೆ ಹಂಚಿಕೊಂಡು ನಡೆದೆವು. ಡಿಸೆಂಬರ್‌ನಲ್ಲಿ ಗೋಕರ್ಣದ ಕಡೆ, ಮುಂದಿನ ತಿಂಗಳು ಕುಮಟಾದ ಕಡೆ. ತುಮಕೂರಿನಿಂದ ಹೊರಟವರು ನಾನು, ಯಜಮಾನರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಚಿಕ್ಕ ಮಕ್ಕಳಿದ್ದರೆ ಹಗಲು ನಡೆಯೋಕೆ ಗೋಕರ್ಣ, ರಾತ್ರಿ ಟೆಂಟ್ ಹಾಕೋಕೆ ಕುಮಟಾದ ಕಡೆಯ ಅಘನಾಶಿನಿ ಊರು ಅಂತ ನಾನು ಹೇಳುತ್ತೇನೆ.

ಗೋಕರ್ಣದ ಕಡೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳು ಸಾಲಾಗಿ ಸಿಗುತ್ತವೆ. ಒಂದೊಂದರ ನಡುವೆ ಒಂದು ಗುಡ್ಡ. ಹತ್ತಿ ಇಳಿದರೆ ಇನ್ನೊಂದು ದಡ ಕಾಣುತ್ತದೆ, ಮಕ್ಕಳಿಗೆ ಬೇಜಾರೇ ಆಗಲಿಲ್ಲ. ಅಲ್ಲಲ್ಲಿ ನೆರಳೂ ಇದೆ. ಓಂ ಬೀಚ್‌ವರೆಗೆ ರಸ್ತೆ ಇರುವುದರಿಂದ ಸುಸ್ತಾದರೆ ಆಟೊ ಹತ್ತಬಹುದು. ಅದರಾಚೆ ಕಾಲುದಾರಿ, ಇಲ್ಲವೇ ದೋಣಿ. ಹಾಫ್ ಮೂನ್ ದಾಟಿದ ಮೇಲೆ ದಾರಿ ತೀರ ಕಿರಿದು, ಕೆಳಗೆ ಬಂಡೆ, ಸಮುದ್ರ. ಅಲ್ಲಿ ಮಗನ ಕೈ ನಾನು ಬಿಡಲೇ ಇಲ್ಲ. ನಮ್ಮ ಮಧುಗಿರಿ ಬಂಡೆ ಒಣಗಿದ್ದಾಗ ಕಾಲಿಗೆ ಹಿಡಿತ ಕೊಡುತ್ತದೆ. ಇಲ್ಲಿ ಕೆಂಪು ಕಲ್ಲಿನ ಹರಳು ಕಾಲಡಿಯೇ ಉರುಳುತ್ತದೆ. ಚಪ್ಪಲಿ ಬೇಡವೇ ಬೇಡ, ಶೂ ಹಾಕಿ.

ರಾತ್ರಿ ಮರಳಿನ ಮೇಲೆ ಟೆಂಟ್ ಹಾಕಿದೆವು. ಗೂಟ ನಿಲ್ಲಲಿಲ್ಲ. ಕೊನೆಗೆ ಕೈಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತೆವು. ಮೀನು ಹಿಡಿಯುವವರೊಬ್ಬರು ಬಂದು, "ಅಕ್ಕಾ, ನಾಳೆ ಹುಣ್ಣಿಮೆ. ನೀರು ಇಲ್ಲಿ ತನಕ ಬರ್ತದೆ, ಮೇಲೆ ಹಾಕಿ" ಅಂದರು. ಎಲ್ಲ ಕಿತ್ತು ಮೇಲೆ ಹೋದೆವು. ನಡುರಾತ್ರಿ ಟಾರ್ಚ್ ಹಾಕಿ ನೋಡಿದರೆ ಮೊದಲು ಟೆಂಟ್ ಇದ್ದ ಜಾಗದಲ್ಲಿ ನೊರೆ! ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ ಜಾಸ್ತಿ. ಕೆರೆ ಏರಿ ಮೇಲೆ ಬೆಳೆದ ನನಗೆ ಇದು ಹೊಳೆದೇ ಇರಲಿಲ್ಲ. ಆ ಮನುಷ್ಯನನ್ನು ಇವತ್ತಿಗೂ ನೆನೆಯುತ್ತೇನೆ.

ಎರಡನೇ ಸಲ ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ಹೊಳೆ ದಾಟಿದೆವು. ಆಚೆ ದಡದ ಅಘನಾಶಿನಿ ಊರಿನ ಒಂದು ಮನೆಯವರನ್ನು ಕೇಳಿಕೊಂಡು ಅವರ ಅಂಗಳದಲ್ಲೇ ಟೆಂಟ್ ಹಾಕಿದೆವು, ತೆಂಗಿನ ಮರದ ಬುಡ ಬಿಟ್ಟು. ಬಾವಿ ನೀರು, ಬಚ್ಚಲು, ಗಟ್ಟಿ ನೆಲ. ಮಕ್ಕಳು ಹೊರಳದೆ ಮಲಗಿದರು. ಹೊಳೆ ಪಕ್ಕದ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಆ ಉಪ್ಪನ್ನು ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಬೋರ್‌ವೆಲ್ ನೀರಿಗೆ ಕಾಯುವ ನಮ್ಮ ಸೀಮೆಯವರು ನೋಡಲೇಬೇಕು.

ಆದರೆ ಬೆಳಿಗ್ಗೆ ಕಾಗಾಲ, ಕಡ್ಲೆ ಕಡೆಗಿನ ಮರಳು ದಾರಿ ಕಷ್ಟವಾಯಿತು. ನೆರಳಿಲ್ಲ, ಅಂಗಡಿ ಕಾಣಲಿಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಹತ್ತು ಗಂಟೆಗೇ ಮುಕ್ಕಾಲು ಖಾಲಿ. ಒಣ ಮರಳಲ್ಲಿ ಕಾಲು ಹೂತುಹೋಗುತ್ತದೆ, ಅಲೆ ಈಗಷ್ಟೇ ಬಿಟ್ಟುಹೋದ ಒದ್ದೆ ಮರಳಲ್ಲಿ ನಡೆಯಿರಿ. ಇಳಿತದ ಹೊತ್ತು ನೋಡಿಕೊಂಡು ಆರಕ್ಕೇ ಹೊರಡಿ.

ಊಟಕ್ಕೆ ಮೊದಲ ಸಲ ಸ್ಟೌ ಹೊತ್ತಿದ್ದೆವು. ಗಾಳಿಗೆ ಉರಿ ನಿಲ್ಲಲಿಲ್ಲ. ಎರಡನೇ ಸಲ ಅತ್ತೆ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು, ಬೆಲ್ಲ. ನೀರಲ್ಲಿ ಕಲಸಿದರೆ ಆಯಿತು. ಮಗ ಎರಡು ಉಂಡೆ ಜಾಸ್ತಿಯೇ ತಿಂದ.