ಹಸಿರು ಚುಕ್ಕಿ ನೋಡಿ ಊಟ ತರಿಸುವವರು ಒಮ್ಮೆ ಓದಿ

ಹೋದ ತಿಂಗಳು ಅಮ್ಮ ಸಾಗರದಿಂದ ಬೆಂಗಳೂರಿಗೆ ಬಂದಿದ್ದಳು. ಮಂಡಿನೋವು, ಡಾಕ್ಟರಿಗೆ ತೋರಿಸಬೇಕಿತ್ತು. ಒಂದು ದಿನ ಸಂಜೆ ಗ್ಯಾಸ್ ಖಾಲಿ. ನಾನು ಆಫೀಸಿಂದ ಬರುವಷ್ಟರಲ್ಲಿ ಒಂಬತ್ತಾಗಿತ್ತು. ಆ್ಯಪ್ ತೆಗೆದು ವೆಜ್ ಪಲಾವ್, ರಾಯ್ತ ಹೇಳಿದೆ. ಹೋಟೆಲಿನ ಹೆಸರು ಅಜ್ಜಿಯ ಕೈರುಚಿ ಅನ್ನುವ ಧಾಟಿಯದು. ಮೆನು ತುಂಬ ಹಸಿರು ಚುಕ್ಕಿ, ಮೊಟ್ಟೆ ಕೂಡ ಇರಲಿಲ್ಲ.

ಐದಾರು ತುತ್ತು ಆದಮೇಲೆ ಅಮ್ಮ ಬಾಯಿಂದ ಏನೋ ತೆಗೆದಳು. "ಎಂತದೋ ಗಟ್ಟಿ ಸಿಕ್ತು ನೋಡು" ಅಂದಳು. ಚಕ್ಕೆ ಇರಬೇಕು ಅಂತ ಬೆಳಕಿಗೆ ಹಿಡಿದೆ. ಕೋಳಿ ಮೂಳೆ. ಕಿರುಬೆರಳಿನ ಉಗುರಿನಷ್ಟು, ಅದಕ್ಕೆ ಚೂರು ಮಾಂಸ ಬೇರೆ ಅಂಟಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ನಾನು ಹೊರಗೆ ತಿನ್ನುತ್ತೇನೆ. ಅಮ್ಮನಿಗೆ ಆ ವಿಷಯ ಗೊತ್ತಿಲ್ಲ, ಆವತ್ತಂತೂ ಹೇಳುವ ಹಾಗೇ ಇರಲಿಲ್ಲ. ಅವಳು ಎದ್ದು ಹೋಗಿ ಬಾಯಿ ತೊಳೆದಳು. ಮತ್ತೆ ತೊಳೆದಳು. ಬೆಳಗಿನವರೆಗೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ನಾಲ್ಕು ಬೈದಿದ್ದರೆ ವಾಸಿ ಇತ್ತು.

ಆ್ಯಪಿನ ಚಾಟಿನಲ್ಲಿ ಮೊದಲು ಮಷೀನು ಉತ್ತರ ಕೊಟ್ಟಿತು. ಮೂರು ಫೋಟೋ ಹಾಕಿದ ಮೇಲೆ ಮನುಷ್ಯರು ಬಂದರು. ಕೊನೆಗೆ ಸಿಕ್ಕಿದ್ದು 100 ರೂಪಾಯಿ ಕೂಪನ್, ಅದೂ ಮುಂದಿನ ಆರ್ಡರಿಗೆ. ಬಿಲ್ ಆಗಿದ್ದು 284.

ಸಿಟ್ಟಿನಲ್ಲಿ ಬಿಲ್ ಪೂರ್ತಿ ಓದಿದೆ. ಕೆಳಗೆ ಅಡುಗೆಮನೆಯ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ನಂಬರ್ ಇತ್ತು. ಆ ನಂಬರ್ ಎಲ್ಲೋ ನೋಡಿದ ಹಾಗನ್ನಿಸಿ ಹಳೇ ಆರ್ಡರುಗಳನ್ನು ತೆಗೆದೆ. ನವಾಬರ ಹೆಸರಿನ ಒಂದು ಬಿರಿಯಾನಿ ಹೋಟೆಲ್, ಒಂದು ಚೈನೀಸ್, ಎರಡಕ್ಕೂ ಅದೇ ನಂಬರ್, ಅದೇ ವಿಳಾಸ! ಚೈನೀಸಿನವರ ನೂಡಲ್ಸ್ ಚೆನ್ನಾಗಿಲ್ಲ ಅಂತ ಬಿಟ್ಟು ಈ "ಅಜ್ಜಿ"ಯ ಹತ್ತಿರ ಬಂದವಳು ನಾನು.

ಶನಿವಾರ ಆ ವಿಳಾಸಕ್ಕೇ ಹೋದೆ. ಹಿಂದಿನ ಗಲ್ಲಿ, ಅರ್ಧ ಎಳೆದ ಶಟರ್. ಬೋರ್ಡು ಇಲ್ಲ. ಕೂತು ತಿನ್ನಲು ಒಂದು ಕುರ್ಚಿಯೂ ಇಲ್ಲ. ಹೊರಗೆ ಏಳೆಂಟು ಡೆಲಿವರಿ ಹುಡುಗರು ಕಾಯುತ್ತಿದ್ದರು. ಒಬ್ಬನನ್ನು ಕೇಳಿದೆ. "ಇಲ್ಲಿ ಎಲ್ಲಾ ಒಂದೇ ಮೇಡಂ, ಸ್ಟಿಕ್ಕರ್ ಅಷ್ಟೇ ಬೇರೆ" ಅಂದ. ಒಳಗಿಂದ ಬಂದ ಸೂಪರ್‌ವೈಸರ್ ಪಾಪ ಚಿಕ್ಕ ಹುಡುಗ. "ಪಾತ್ರೆ ಬೇರೆಬೇರೆ ಇಟ್ಟಿದೀವಿ ಮೇಡಂ, ರಶ್ಶಲ್ಲಿ ಸೌಟು ಬದಲಾಗಿರಬಹುದು" ಅಂದ. ಆ ಹುಡುಗನ ಮೇಲೆ ಕೂಗಾಡಿ ಏನು ಪ್ರಯೋಜನ, ವಾಪಸ್ ಬಂದೆ.

ಒಂದು ಕಂಪನಿ ಒಂದೇ ಒಲೆಯಿಂದ ಹತ್ತು ಹೆಸರಲ್ಲಿ ಊಟ ಮಾರುವುದು ತಪ್ಪಲ್ಲ. ಲೈಸೆನ್ಸ್ ಇಟ್ಟುಕೊಂಡು ಚೊಕ್ಕವಾಗಿ ನಡೆಸುವವರೂ ಇದ್ದಾರೆ. ನಾನು ಮೋಸಹೋಗಿದ್ದು ಆ ಮೆನುವಿನಿಂದ. ಹಸಿರು ಚುಕ್ಕಿ ಆ ಒಂದು ತಿಂಡಿಯ ಬಗ್ಗೆ ಹೇಳುತ್ತದೆ, ಅಡುಗೆಮನೆಯ ಬಗ್ಗೆ ಅಲ್ಲ. ಕೋಳಿ, ಮಟನ್ ಎಲ್ಲವನ್ನೂ ನವಾಬರ ಹೆಸರಿಗೆ ಹಾಕಿಬಿಟ್ಟರೆ ಅಜ್ಜಿಯ ಮೆನು ತಾನಾಗೇ ಪೂರ್ತಿ ಹಸಿರಾಗುತ್ತದೆ, ಅಲ್ವಾ?

ಅದಕ್ಕೇ, ಮನೆಯಲ್ಲಿ ಮಾಂಸ ಮುಟ್ಟದ ಹಿರಿಯರಿದ್ದರೆ, ಅಥವಾ ಮಕ್ಕಳಿಗೆ ಮೊಟ್ಟೆ, ಸಿಗಡಿ ಆಗುವುದಿಲ್ಲ ಅಂತಿದ್ದರೆ, ಆರ್ಡರ್ ಮಾಡುವ ಮುಂಚೆ ಮೆನುವಿನ ಕೊನೆಯವರೆಗೆ ಹೋಗಿ. ವಿಳಾಸ, ಲೈಸೆನ್ಸ್ ನಂಬರ್ ಅಲ್ಲೇ ಇರುತ್ತವೆ. ಆ ನಂಬರನ್ನು ಫಾಸ್ಕಾಸ್ (FoSCoS) ಅನ್ನುವ ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಲೈಸೆನ್ಸ್ ನಿಜವಾಗಿ ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತದೆ. ಅದೇ ವಿಳಾಸದಲ್ಲಿ ಬಿರಿಯಾನಿ ಹೋಟೆಲೂ ಇದೆಯಾ ನೋಡಿ. ಹತ್ತಿರದಲ್ಲಿ ದರ್ಶಿನಿ ಇದ್ದರೆ ಸುಮ್ನೆ ನಡೆದು ಹೋಗಿ ಪಾರ್ಸೆಲ್ ತನ್ನಿ. ನಮ್ಮ ಮನೆಯಿಂದ ಒಂದು ನಾನೂರು ಹೆಜ್ಜೆಗೆ ಇತ್ತು, ಸೋಮಾರಿತನ ನನ್ನದೇ.

ಏನಾದರೂ ಸಿಕ್ಕಿದರೆ ಡಬ್ಬಿ ಎಸೆಯಬೇಡಿ. ಸ್ಟಿಕ್ಕರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಚಾಟಿನಲ್ಲಿ ಕೂಪನ್ ಒಪ್ಪಿಕೊಳ್ಳಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲೂ ಹಾಕಿದೆ. ಹನ್ನೊಂದನೇ ದಿನಕ್ಕೆ 284 ರೂಪಾಯಿ ವಾಪಸ್ ಬಂತು. ಅಡುಗೆಮನೆಗೆ ಯಾರಾದರೂ ಹೋಗಿ ನೋಡಿದರಾ, ಅದರ ಸುದ್ದಿ ಇನ್ನೂ ಇಲ್ಲ.

ಅಮ್ಮ ಊರಿಗೆ ಹೋದಳು. ಮೊನ್ನೆ ನೋಡಿದರೆ ಅಜ್ಜಿಯ ಹೆಸರು ಆ್ಯಪಿನಿಂದ ಮಾಯ. ಅದೇ ಗಲ್ಲಿಯಲ್ಲಿ ಒಂದು ಹೊಸ ಹೆಸರು, ಈ ಸಲ ಮಠದ ಊಟದ ಧಾಟಿಯದು. ಸ್ಟಾರ್ ಇನ್ನೂ ಬಿದ್ದಿಲ್ಲ, ಮೊದಲ ಆರ್ಡರಿಗೆ ಅರ್ಧ ರೇಟು. ಕೆಳಗೆ ಹೋಗಿ ಲೈಸೆನ್ಸ್ ನೋಡಿದೆ. ಅದೇ 14 ಅಂಕಿ.