ತೊಟ್ಟಿಗಿಂತ ಮೊದಲು ತರಗೆಲೆಯ ಕೋಣೆ: ಕ್ಯಾಂಪಸ್ಸಿಗೆ ತುಂಬೂರ್ಮುಳಿ ಗೊಬ್ಬರ ತೊಟ್ಟಿ ಹೇಗೆ?

ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜು ಕ್ಯಾಂಪಸ್ಸುಗಳಲ್ಲಿ ಹಾಸ್ಟೆಲಿನ ಅನ್ನ, ಕ್ಯಾಂಟೀನಿನ ತರಕಾರಿ ಸಿಪ್ಪೆ, ಮೀನಿನ ಮುಳ್ಳು ಎಲ್ಲ ಸೇರಿದ ಹಸಿ ಕಸಕ್ಕೆ ಎರಡು ದಾರಿಗಳಿವೆ: ಕರೆಂಟಿನ ಕಾಂಪೋಸ್ಟ್ ಯಂತ್ರ ಅಥವಾ ತುಂಬೂರ್ಮುಳಿ ತೊಟ್ಟಿ. ಸುತ್ತ ಮರಗಳಿರುವ ಕ್ಯಾಂಪಸ್ಸಾದರೆ ತೊಟ್ಟಿಯನ್ನೇ ಆರಿಸಿಕೊಳ್ಳಿ. ಆದರೆ ತೊಟ್ಟಿಗೆ ಆರ್ಡರ್ ಕೊಡುವ ಮೊದಲು ತರಗೆಲೆ ತುಂಬಿಡಲು ಒಂದು ಕೋಣೆ ಕಟ್ಟಿಸಿ. ಆ ಕೋಣೆ ಇಲ್ಲದಿದ್ದರೆ ಎಷ್ಟೇ ಒಳ್ಳೆಯ ತೊಟ್ಟಿಯೂ ಜುಲೈ ತಿಂಗಳಲ್ಲಿ ನಾರುತ್ತದೆ.

ತುಂಬೂರ್ಮುಳಿ ಎಂಬುದು ತೃಶ್ಶೂರು ಜಿಲ್ಲೆಯ ಒಂದು ಊರು. ಕೇರಳ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಲ್ಲಿನ ಜಾನುವಾರು ಫಾರ್ಮಿನಲ್ಲಿ ರೂಪುಗೊಂಡದ್ದರಿಂದ ತೊಟ್ಟಿಗೆ ಆ ಹೆಸರು. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಫೆರೋಸಿಮೆಂಟ್ (ತಂತಿ ಬಲೆಗೆ ಸಿಮೆಂಟ್ ಮೆತ್ತಿದ) ಪಟ್ಟಿಗಳನ್ನು ನಡುವೆ ಸಂದು ಬಿಟ್ಟು ಜೋಡಿಸಿರುತ್ತಾರೆ. ಆ ಸಂದುಗಳೇ ಇದರ ಜೀವ, ನಾಲ್ಕೂ ಬದಿಯಿಂದ ಗಾಳಿ ಆಡಬೇಕು. ಜಾಗ ಉಳಿಯಲಿ ಎಂದು ತೊಟ್ಟಿಯನ್ನು ಗೋಡೆಗೆ ಒತ್ತಿ ಇಟ್ಟರೆ ಆ ಬದಿಯ ಕಸ ಕೊಳೆತು ಕಪ್ಪಾಗುತ್ತದೆಯೇ ಹೊರತು ಗೊಬ್ಬರವಾಗುವುದಿಲ್ಲ. ಗೋಡೆಯಿಂದಲೂ ಪಕ್ಕದ ತೊಟ್ಟಿಯಿಂದಲೂ ಕನಿಷ್ಠ ಒಂದೂವರೆ ಅಡಿ ಬಿಡಿ.

ತುಂಬುವ ಕ್ರಮ ಸರಳ. ಅಡಿಯಲ್ಲಿ ಆರು ಇಂಚು ಹಸಿ ಸೆಗಣಿ, ಅದರ ಮೇಲೆ ಆರು ಇಂಚು ತರಗೆಲೆ, ಅದರ ಮೇಲೆ ಆರು ಇಂಚು ಕಸ, ಮತ್ತೆ ಅದೇ ಸರದಿ. ಸೆಗಣಿ ಮೂರು ನಾಲ್ಕು ದಿನಕ್ಕಿಂತ ಹಳೆಯದಾಗಬಾರದು, ಒಣಗಿದ ಬೆರಣಿಯಿಂದ ಕೆಲಸ ಆಗದು. ಸೆಗಣಿ ಸಿಗದ ಕಡೆ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿದ ಇನಾಕ್ಯುಲಮ್, ಅಂದರೆ ಕಸ ಕರಗಿಸುವ ಸೂಕ್ಷ್ಮಾಣುಗಳ ಮಿಶ್ರಣ, ಬಳಸುತ್ತಾರೆ. ಅದೂ ಆಗುತ್ತದೆ, ಆದರೆ ತಳದ ಪದರವನ್ನಾದರೂ ಸೆಗಣಿಯಲ್ಲೇ ಹಾಕಿದರೆ ಕಾವು ಬೇಗ ಏರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ತೊಟ್ಟಿಯ ಜೊತೆಗೇ ಕೊಂಡುಕೊಳ್ಳಿ. ಮುಖ್ಯವಾಗಿ ರೋಗಾಣುಗಳನ್ನೂ ಕಳೆ ಬೀಜಗಳನ್ನೂ ಕೊಲ್ಲುವುದು ಈ ಕಾವೇ. ತುಂಬಿದ ತೊಟ್ಟಿಯನ್ನು 90 ದಿನ ಮುಟ್ಟಬಾರದು. ಮಗುಚುವ ಕೆಲಸವೂ ಇಲ್ಲ.

ಎಷ್ಟು ತೊಟ್ಟಿ ಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ದಿನಕ್ಕೆ 60 ಕಿಲೋ ಹಸಿ ಕಸ ಬರುತ್ತದೆ ಎಂದುಕೊಳ್ಳಿ. ಆರು ಇಂಚಿನ ಒಂದು ಪದರ ಎಂದರೆ ಎಂಟು ಘನ ಅಡಿ, ಅದಕ್ಕೆ ಸುಮಾರು 100 ಕಿಲೋ ಊಟದ ಕಸ ಹಿಡಿಯುತ್ತದೆ. ಕಸ ಕುಸಿಯುತ್ತಾ ಹೋಗುವುದರಿಂದ ಒಂದು ತೊಟ್ಟಿ ತುಂಬಲು ಹದಿನೈದು ದಿನ ಸಿಗುತ್ತದೆ. ಮೇಲೆ 90 ದಿನದ ಬಿಡುವು. ಹಾಗಾಗಿ ಆರು ತೊಟ್ಟಿ ಮಾಗುತ್ತಿರುವಾಗ ಒಂದು ತುಂಬುತ್ತಿರಬೇಕು, ಒಟ್ಟು ಏಳು. ಮಳೆಗಾಲದಲ್ಲಿ ಮಾಗುವುದು ನಿಧಾನವಾದ್ದರಿಂದ ಎಂಟನೆಯದೂ ಇರಲಿ. ಎರಡೇ ತೊಟ್ಟಿ ತಂದು ಉದ್ಘಾಟನೆ ಮಾಡಿದ ಕ್ಯಾಂಪಸ್ಸಿನಲ್ಲಿ ಐದನೆಯ ವಾರಕ್ಕೇ ಅರೆಬೆಂದ ಕಸವನ್ನು ಹೊರಗೆ ಎಳೆದು ಹಾಕಬೇಕಾಗುತ್ತದೆ. ಆಗ ತೊಟ್ಟಿ ಸರಿ ಇಲ್ಲ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ತಪ್ಪಿರುವುದು ಲೆಕ್ಕದಲ್ಲಿ.

ಇನ್ನು ತರಗೆಲೆ. 60 ಕಿಲೋ ಕಸಕ್ಕೆ ದಿನಕ್ಕೆ ಒಂದೂವರೆ ಗೋಣಿ ಗಟ್ಟಿಯಾಗಿ ತುರುಕಿದ ಒಣ ಎಲೆ ಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಣ ಎಲೆ ಎಂಬುದೇ ಇರುವುದಿಲ್ಲ. ಆ ನಾಲ್ಕು ತಿಂಗಳಿಗೆ 180 ಗೋಣಿ ಆಯಿತು. ಹತ್ತು ಅಡಿ ಚದರದ ಒಂದು ಕೋಣೆಯಲ್ಲಿ ಆರೇಳು ಅಡಿ ಎತ್ತರಕ್ಕೆ ಒಟ್ಟಿದಷ್ಟು. ಇದನ್ನು ಡಿಸೆಂಬರಿನಿಂದ ಮಾರ್ಚ್ ಒಳಗೆ ಗುಡಿಸಿ ತುಂಬಿಟ್ಟಿರಬೇಕು. ಕ್ಯಾಂಪಸ್ಸಿನಲ್ಲಿ ಅದೇ ತಿಂಗಳುಗಳಲ್ಲಿ ಎಲೆ ಗುಡ್ಡೆಗೆ ಬೆಂಕಿ ಕೊಡುವ ರೂಢಿ ಇದ್ದರೆ ಅದನ್ನು ನಿಲ್ಲಿಸುವುದೇ ಮೊದಲ ಕೆಲಸ, ಮಳೆಗಾಲದ ಬಂಡವಾಳ ಅಲ್ಲೇ ಸುಟ್ಟು ಹೋಗುತ್ತಿದೆ.

ಎಲ್ಲ ಎಲೆಯೂ ಒಂದೇ ಅಲ್ಲ. ಮಾವು, ಹಲಸು, ಗೇರು ಚೆನ್ನಾಗಿ ಆಗುತ್ತವೆ. ಅಕೇಶಿಯಾ ಎಲೆ ಕರಗಲು ತಡ, ಅರ್ಧಕ್ಕಿಂತ ಹೆಚ್ಚು ಬೆರೆಸಬೇಡಿ. ಸಾಗುವಾನಿ ಎಲೆಯನ್ನು ಹಾಗೆಯೇ ಹಾಸಿದರೆ ಹಾಳೆಯ ಮೇಲೆ ಹಾಳೆ ಕೂತು ಗಾಳಿ ಕಟ್ಟುತ್ತದೆ, ಕೈಯಲ್ಲಿ ಮುರಿದು ಹಾಕಬೇಕು. ಬಾಳೆ ಎಲೆ ಊಟವಾದ ದಿನವೂ ಇದೇ ತೊಂದರೆ. ಮಡಿಸಿದ ಎಲೆಯೊಳಗೆ ಅನ್ನ, ಸಾರು ಸಿಕ್ಕಿಬಿದ್ದು ಹುಳಿಯುತ್ತದೆ, ಹರಿದು ಹಾಕಿ. ಅಡಿಕೆ ಹಾಳೆ ತಟ್ಟೆಯನ್ನು ನಾಲ್ಕು ತುಂಡು ಮಾಡಿ ಸೆಗಣಿ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಮಾತ್ರ 90 ದಿನಕ್ಕೆ ಮೆತ್ತಗಾಗುತ್ತದೆ. ಬೊಂಡದ ಸಿಪ್ಪೆಯನ್ನೂ ತೆಂಗಿನ ಮಡಲನ್ನೂ ಈ ತೊಟ್ಟಿಗೆ ಹಾಕಲೇಬೇಡಿ. ಮಡಲಿಗೆ ಬೇರೆ ದಾರಿ ಇದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ತೆಂಗಿನ ಗರಿ ತಿನ್ನುವ ಯೂಡ್ರಿಲಸ್ ಜಾತಿಯ ಎರೆಹುಳದ ಕ್ರಮವನ್ನು ರೂಪಿಸಿದೆ. ಹತ್ತು ಪಾಲು ಗರಿಗೆ ಒಂದು ಪಾಲು ಸೆಗಣಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ. ತೊಟ್ಟಿಯ ಪಕ್ಕದಲ್ಲೇ ಅದಕ್ಕೊಂದು ಗುಂಡಿ ಮಾಡಿಕೊಂಡರೆ ಕ್ಯಾಂಪಸ್ಸಿನ ತೆಂಗಿನ ಮಡಲೂ ಮುಗಿಯಿತು.

ವಾಸನೆ ಬಂದರೆ ತೊಟ್ಟಿಯನ್ನು ಬೈಯುವ ಮೊದಲು ಮೂಗಿನಿಂದಲೇ ಪರೀಕ್ಷೆ ಮಾಡಬಹುದು. ಕೊಳೆತ ಮೊಟ್ಟೆಯ ವಾಸನೆ ಎಂದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ. ಮೂಗಿಗೆ ಅಡರುವ ಅಮೋನಿಯಾ ವಾಸನೆ ಎಂದರೆ ತರಗೆಲೆ ಸಾಲದು. ಒಂದು ಹಿಡಿ ತೆಗೆದು ಹಿಂಡಿ ನೋಡಿ, ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಸರಿ, ಧಾರೆ ಇಳಿದರೆ ಜಾಸ್ತಿ. ಈ ಧಾರೆಗೆ ಕಾರಣ ಹೆಚ್ಚಾಗಿ ಗಂಜಿ ತಿಳಿ ಮತ್ತು ಸಾಂಬಾರು. ಅಡುಗೆಮನೆಯಲ್ಲೇ ತೂತಿನ ಬಕೆಟ್ಟಿನಲ್ಲಿ ಬಸಿದು ಕಳಿಸಬೇಕು. ಹುಳ ಕಂಡರೆ ಆ ದಿನದ ಕಸದ ಮೇಲೆ ಎಲೆ ಮುಚ್ಚಿಲ್ಲ ಎಂದರ್ಥ. ಮೀನು, ಕೋಳಿಯ ಕಸವನ್ನು ನಡುವೆ ಹೂತು ಮುಚ್ಚಬೇಕು, ಅಂಚಿಗೆ ಹಾಕಿದರೆ ನಾಯಿ, ಇಲಿ ಬರುತ್ತವೆ. ಸಂದುಗಳಿಗೆ ಒಳಗಿನಿಂದ ಅರ್ಧ ಇಂಚಿನ ವೆಲ್ಡ್ ಮೆಶ್ ಕಟ್ಟಿಸಿದರೆ ಇಲಿ ನಿಲ್ಲುತ್ತದೆ. ಕಾಡುಹಂದಿ ಇಳಿಯುವ ಗುಡ್ಡದ ಕಡೆ ಸುತ್ತ ಮುರಕಲ್ಲಿನ ಮೊಣಕಾಲೆತ್ತರದ ಕಟ್ಟೆ ಮತ್ತು ಬೇಲಿ ಬೇಕೇ ಬೇಕು.

ತೊಟ್ಟಿಯ ಜೊತೆಗೆ ಬರುವ ಮಾಡು ನಮ್ಮ ಮಳೆಗೆ ಸಾಲದು. ಪಡುವಣದ ಗಾಳಿಗೆ ಎರಚಲು ನೇರ ಒಳಗೆ ಹೊಡೆಯುತ್ತದೆ. ಪಡುವಣ ಬದಿಗೆ ಸೂರನ್ನು ಮೂರು ಅಡಿ ಮುಂದೆ ಚಾಚಿ, ನೆಲವನ್ನು ಅರ್ಧ ಅಡಿ ಎತ್ತರಿಸಿ. ಬಾವಿಯ ಹತ್ತಿರವಂತೂ ಬೇಡ, ಮುರಕಲ್ಲಿನ ನೆಲದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಹೇಳಲಾಗದು. ಬೆಲೆ ಕೇಳುವಾಗ ಮಾಡು, ನೆಲ, ಮೆಶ್, ಎಲೆಯ ಕೋಣೆ ಎಲ್ಲ ಸೇರಿಸಿಯೇ ಕೇಳಿ.

ಕರೆಂಟಿನ ಯಂತ್ರದ ಬಗ್ಗೆ ಎರಡೇ ಮಾತು. 24 ಗಂಟೆಯಲ್ಲಿ ಗೊಬ್ಬರ ಎಂದು ಮಾರುವ ಯಂತ್ರದಿಂದ ಹೊರಬರುವುದು ಅರೆದು ಒಣಗಿಸಿದ ಊಟ. ಅದನ್ನು ಗಿಡದ ಬುಡಕ್ಕೆ ಹಾಕಿ ನೀರು ಬಿದ್ದರೆ ಮತ್ತೆ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಹೇಗೂ ವಾರಗಟ್ಟಲೆ ಮಾಗಿಸಬೇಕು. ಜಾಗವೇ ಇಲ್ಲದ ಪೇಟೆಯ ಕಟ್ಟಡಕ್ಕೆ ಅದು ಸರಿ, ಗುಡ್ಡದ ಮೇಲಿನ ಕ್ಯಾಂಪಸ್ಸಿಗೆ ಬೇಡ.

90 ದಿನ ಕಳೆದ ಮೇಲೆ ಕಾಲಿಂಚಿನ ಜರಡಿ ಹಿಡಿದಾಗ ಕ್ಯಾಂಪಸ್ಸಿನ ವಿಂಗಡಣೆಯ ನಿಜಸ್ಥಿತಿ ಕಾಣುತ್ತದೆ. ಕಾಫಿ ಪುಡಿಯ ಬಣ್ಣದ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಕೆಳಗೆ ಬೀಳುತ್ತದೆ. ಮೇಲೆ ಉಳಿಯುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಉಗುರಿನಷ್ಟು ದೊಡ್ಡ ತ್ರಿಕೋನ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೇ ಅಂಟಿರಲಿ ಎಂದು ಕ್ಯಾಂಟೀನಿನವರಿಗೆ ಹೇಳಿದರೆ ಅರ್ಧ ತೊಂದರೆ ನೀಗುತ್ತದೆ. ಪ್ಲಾಸ್ಟಿಕ್ ಪೊರೆ ಇರುವ ಪೇಪರ್ ಕಪ್ಪಿನ ಕಾಗದ ಕರಗಿ ಪೊರೆ ಮಾತ್ರ ಉಳಿದಿರುತ್ತದೆ. ಅಂಥ ಕಪ್ಪು ಕ್ಯಾಂಪಸ್ಸಿಗೆ ಬರದಂತೆ ನೋಡಿಕೊಳ್ಳಬೇಕು.

ಒಣ ಪ್ಲಾಸ್ಟಿಕ್ಕನ್ನು ಪಂಚಾಯತು, ನಗರಸಭೆಗಳ ಕಸ ಸಂಗ್ರಹದ ತಂಡವಾದ ಹರಿತ ಕರ್ಮ ಸೇನೆಯವರು, ನಮ್ಮ ಪತ್ರಿಕೆಗಳ ಮಾತಿನಲ್ಲಿ ಹಸಿರು ಕ್ರಿಯಾಸೇನೆಯವರು, ಶುಲ್ಕ ಪಡೆದು ಒಯ್ಯುತ್ತಾರೆ. ತೊಳೆದು ಒಣಗಿಸಿ ಕೊಟ್ಟರೆ ಅವರ ಕೆಲಸ ಹಗುರ. ಗಾಜು, ಬಟ್ಟೆ, ಇ-ಕಸಕ್ಕೆ ಬೇರೆ ಬೇರೆ ತಿಂಗಳ ಪಟ್ಟಿ ಇರುವುದರಿಂದ ಅವನ್ನು ಕೂಡಿಡಲು ಒಂದು ಒಣ ಮೂಲೆ ಬೇಕು. ಲ್ಯಾಬಿನ ರಾಸಾಯನಿಕ ಮತ್ತು ಆರೋಗ್ಯ ಕೊಠಡಿಯ ಕಸ ಇದರೊಂದಿಗೆ ಸೇರಲೇಬಾರದು.

ಬುಟ್ಟಿಗಳ ಮೇಲೆ ಬರೆಯುವ ಭಾಷೆಗೂ ಗಮನ ಕೊಡಿ. ತಯಾರಾಗಿ ಬರುವ ಅಂಟುಚೀಟಿಯಲ್ಲಿ ಹೆಚ್ಚಾಗಿ ಮಲಯಾಳ, ಇಂಗ್ಲಿಷ್ ಮಾತ್ರ. ಹಸಿ ಕಸಕ್ಕೆ ಮಲಯಾಳದಲ್ಲಿ ಹೇಳುವ ‘ಜೈವ ಮಾಲಿನ್ಯ’ವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದರೂ ಉಪಯೋಗವಿಲ್ಲ, ಕನ್ನಡದಲ್ಲಿ ಮಾಲಿನ್ಯ ಎಂದರೆ ಕಸವಲ್ಲ. ಎರಡೂ ಭಾಷೆಯಲ್ಲಿ ವಸ್ತುವಿನ ಹೆಸರನ್ನೇ ಬರೆಯಿರಿ: ಅನ್ನ, ಸಿಪ್ಪೆ, ಮೀನಿನ ಮುಳ್ಳು ಇಲ್ಲಿ, ಬಿಸ್ಕತ್ತಿನ ಕವರು, ಬಾಟಲಿ, ಹಾಲಿನ ಪ್ಯಾಕೆಟ್ಟು ಅಲ್ಲಿ. ಗುಡಿಸುವವರಿಗೂ ಹೊಸದಾಗಿ ಸೇರಿದ ಮಕ್ಕಳಿಗೂ ಇದು ಒಂದೇ ನೋಟಕ್ಕೆ ತಿಳಿಯುತ್ತದೆ.

ಬೇಸಿಗೆ ರಜೆಯಲ್ಲಿ ಹಸಿ ಕಸ ನಿಂತಾಗ ತುಂಬದ ತೊಟ್ಟಿಯನ್ನು ಅರ್ಧಕ್ಕೇ ಬಿಡಬೇಡಿ. ಎಲೆ ಮುಚ್ಚಿ, ವಾರಕ್ಕೊಮ್ಮೆ ಎರಡು ಬಕೆಟ್ ಸೆಗಣಿ ನೀರು ಚಿಮುಕಿಸುತ್ತಿದ್ದರೆ ಜೂನಿನಲ್ಲಿ ಕಾಲೇಜು ತೆರೆದ ದಿನ ಅದರ ಮೇಲೆಯೇ ಹೊಸ ಪದರ ಹಾಕಬಹುದು.