ಮನೆ ವೈಫೈಗೆ ಜಾಹೀರಾತು ತಡೆ, ಮಗನ ಟ್ಯಾಬ್‌ಗೆ ಕಾವಲು: ಯಾವುದು ಉಳಿಯಿತು, ಯಾವುದು ಬೇಡವಾಯಿತು

ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತನ್ನೂ ತಡೆದು, ಮಕ್ಕಳನ್ನೂ ನೋಡಿಕೊಂಡು, ಟಿವಿ, ಫೋನು, ಲ್ಯಾಪ್‌ಟಾಪ್ ಎಲ್ಲಕ್ಕೂ ಆಗುವ ಒಂದೇ ಸಾಧನ ನನಗಂತೂ ಸಿಗಲಿಲ್ಲ. ನಮ್ಮ ಮನೆಯಲ್ಲಿ ಕೊನೆಗೆ ಉಳಿದದ್ದು ಇಷ್ಟು: ವೈಫೈಗೆ ಆಡ್‌ಗಾರ್ಡ್ ಹೋಮ್ ಅನ್ನುವ ಜಾಹೀರಾತು ತಡೆಯುವ ತಂತ್ರಾಂಶ, ಮಗನ ಟ್ಯಾಬ್‌ಗೆ ಮಕ್ಕಳ ಬಳಕೆಗೆ ಮಿತಿ ಹಾಕುವ ಗೂಗಲ್ ಫ್ಯಾಮಿಲಿ ಲಿಂಕ್, ನನ್ನ ಲ್ಯಾಪ್‌ಟಾಪ್‌ಗೆ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಮಾವನ ಫೋನಿನದು ಬೇರೆಯೇ ಕತೆ, ಅದೂ ಬರುತ್ತದೆ.

ನಾನು ಕಂಪ್ಯೂಟರ್ ಓದಿದವಳಲ್ಲ. ಮೈಸೂರಿನ ಮನೆಯಿಂದಲೇ ನಾಲ್ಕಾರು ಅಂಗಡಿಗಳ ಲೆಕ್ಕ, ಜಿಎಸ್‌ಟಿ ರಿಟರ್ನ್ಸ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಮೊಬೈಲ್‌ನಲ್ಲೇ ಪೇಪರ್ ಓದುವ ಮಾವ, ಟಿವಿಯಲ್ಲಿ ಯೂಟ್ಯೂಬ್ ಅಡುಗೆ ನೋಡುವ ಅತ್ತೆ, ಪಿಯುಸಿ ಓದುವ ಮಗಳು, ಆರನೇ ಕ್ಲಾಸಿನ ಮಗ. ಯಜಮಾನರಿಗೆ ನೆಟ್ ಬಂದರೆ ಸಾಕು, ಅದು ಎಲ್ಲಿಂದ ಹೇಗೆ ಬರುತ್ತದೆ ಅನ್ನೋ ಗೊಡವೆ ಬೇಡ. ಒಬ್ಬೊಬ್ಬರ ಬೇಕು-ಬೇಡ ಒಂದೊಂದು ಥರ. ಆಯ್ಕೆ ಕಷ್ಟವಾಗುವುದು ಅಲ್ಲೇ.

ಇಂಥ ಸಾಧನಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಡಿಎನ್‌ಎಸ್ ಅನ್ನುವ ಹಂತದಲ್ಲಿ. ಫೋನು ಯಾವುದೇ ಸೈಟ್ ತೆರೆಯುವ ಮೊದಲು "ಈ ಹೆಸರಿನ ನಂಬರ್ ಏನು?" ಎಂದು ಕೇಳುತ್ತದೆ. ಜಾಹೀರಾತು ಕಂಪನಿಯ ಹೆಸರು ಕೇಳಿದಾಗ ನಂಬರ್ ಕೊಡದೆ ಸುಮ್ಮನಾಗುವುದು, ಅಷ್ಟೇ ಉಪಾಯ. ಅಂಚೆಯವನ ಹಾಗೆ ಇದಕ್ಕೆ ಲಕೋಟೆಯ ಮೇಲಿನ ವಿಳಾಸ ಮಾತ್ರ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲುವುದಿಲ್ಲ, ಯಾಕೆಂದರೆ ವಿಡಿಯೋ ಬರುವ ವಿಳಾಸದಿಂದಲೇ ಜಾಹೀರಾತೂ ಬರುತ್ತದೆ. ಒಂದನ್ನು ತಡೆದರೆ ಎರಡೂ ಹೋಗುತ್ತವೆ. ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುವಾಗ ಓವರ್ ನಡುವೆ ಬರುವ ಜಾಹೀರಾತೂ ಸಾಮಾನ್ಯವಾಗಿ ವಿಡಿಯೋ ಜೊತೆಗೇ ಸೇರಿಕೊಂಡು ಬರುತ್ತದೆ. ಇದಕ್ಕೆಲ್ಲ ಡಿಎನ್‌ಎಸ್ ಸಾಧನ ಹಾಕಿಕೊಂಡು ಬೈದುಕೊಳ್ಳುವವರು ಜಾಸ್ತಿ. ಯೂಟ್ಯೂಬ್ ಒಂದೇ ತಲೆನೋವಾಗಿದ್ದರೆ ಪ್ರೀಮಿಯಂ ಕಟ್ಟುವುದೇ ನೇರ ದಾರಿ. 2024ರ ಆಗಸ್ಟ್‌ನಲ್ಲಿ ಅದರ ಫ್ಯಾಮಿಲಿ ಪ್ಲಾನ್ ತಿಂಗಳಿಗೆ 189ರಿಂದ 299 ರೂಪಾಯಿಗೆ ಏರಿದ ಮೇಲೆ ನಾವು ಆ ಯೋಚನೆ ಬಿಟ್ಟೆವು. ಅತ್ತೆ ಜಾಹೀರಾತು ಬಂದಾಗ ಎದ್ದು ಒಲೆ ನೋಡಿಕೊಂಡು ಬರುತ್ತಾರೆ. ಅವರಿಗೆ ತೊಂದರೆಯಿಲ್ಲ.

ನಿಜವಾದ ತೊಂದರೆ ಇದ್ದದ್ದು ಮಾವನಿಗೆ. ಸುದ್ದಿ ಸೈಟಿನಲ್ಲಿ ಎರಡು ಸಾಲು ಓದುವಷ್ಟರಲ್ಲಿ ಪರದೆ ತುಂಬ ಏನೋ ಬಂದು ಕೂರುತ್ತಿತ್ತು. "ನೋಡಮ್ಮ, ಫೋನಿಗೆ ವೈರಸ್ ಬಂದಿದೆ ಅಂತಿದೆ, ಇಲ್ಲಿ ಒತ್ತಲಾ?" ಎಂದು ದಿನವೂ ಕೇಳುತ್ತಿದ್ದರು. ಕೇಳುತ್ತಿದ್ದರಲ್ಲ, ಅದು ನಮ್ಮ ಪುಣ್ಯ. ಕೇಳದೆ ಒತ್ತುವವರೇ ಹೆಚ್ಚು.

ಇಂಥವರಿಗೆ ಯಾವ ಆ್ಯಪ್ ಕೂಡ ಬೇಡ. ಆಂಡ್ರಾಯ್ಡ್ 9ರಿಂದ ಈಚಿನ ಎಲ್ಲ ಫೋನುಗಳಲ್ಲೂ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತದೆ. ಅಲ್ಲಿ ಆಡ್‌ಗಾರ್ಡ್ ಕಂಪನಿ ತನ್ನ ಸರ್ವರ್‌ನಲ್ಲೇ ನಡೆಸುವ ಆಡ್‌ಗಾರ್ಡ್ ಡಿಎನ್‌ಎಸ್‌ನ ವಿಳಾಸ ಹಾಕಿ ಸೇವ್ ಮಾಡಿದರೆ ಮುಗಿಯಿತು. ವೈಫೈ ಇರಲಿ, ಸಿಮ್ಮಿನ ಡೇಟಾ ಇರಲಿ, ಎರಡರಲ್ಲೂ ನಡೆಯುತ್ತದೆ. ಬ್ಯಾಟರಿ ತಿನ್ನುತ್ತದೆ ಅನ್ನುವ ದೂರೂ ಇಲ್ಲ. ಒಂದು ಕೆಲಸ ಮಾತ್ರ ಕೈಯಾರೆ ಮಾಡಬೇಕು. ಹಿಂದೆ ಯಾವಾಗಲೋ "ಅಲೋ" ಒತ್ತಿದ ಸೈಟುಗಳಿಂದ ನೋಟಿಫಿಕೇಶನ್ ಬರುತ್ತಲೇ ಇರುತ್ತವೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಅವನ್ನೆಲ್ಲ ಒಂದೊಂದಾಗಿ ತೆಗೆಯಬೇಕು. ಮಾವನ ಫೋನಿನಲ್ಲಿ ಆ ಪಟ್ಟಿ ಮದುವೆ ಮನೆಯ ಮುಯ್ಯಿ ಪಟ್ಟಿಯಷ್ಟು ಉದ್ದ ಇತ್ತು.

ಹಾಗೆಯೇ, ಪ್ಲೇ ಸ್ಟೋರ್‌ನಲ್ಲಿ "ಆ್ಯಡ್ ಬ್ಲಾಕರ್" ಎಂದು ಹುಡುಕಿ ಸಿಕ್ಕಿದ್ದನ್ನು ಹಾಕಿಕೊಳ್ಳಬೇಡಿ. ಬೇರೆ ಆ್ಯಪ್‌ಗಳ ಜಾಹೀರಾತು ತಡೆಯುವ ಆ್ಯಪ್‌ಗೆ ಗೂಗಲ್ ಅಲ್ಲಿ ಜಾಗ ಕೊಡುವುದಿಲ್ಲ. ಆಡ್‌ಗಾರ್ಡ್‌ನ ಪೂರ್ತಿ ಆ್ಯಪ್ ಕೂಡ ಅವರ ಸೈಟಿನಿಂದಲೇ ಇಳಿಸಿಕೊಳ್ಳಬೇಕು. ಹಾಗಿರುವಾಗ ಸ್ಟೋರ್‌ನಲ್ಲಿ ದೊಡ್ಡ ದೊಡ್ಡ ಮಾತಾಡುವ ಆ್ಯಪ್‌ಗಳ ಮೇಲೆ ಸ್ವಲ್ಪ ಅನುಮಾನ ಇರಲಿ.

ಇನ್ನು ಇಡೀ ಮನೆಗೆ. ಅತಿ ಸುಲಭದ್ದು ರೂಟರ್‌ನಲ್ಲಿ ಡಿಎನ್‌ಎಸ್ ನಂಬರ್ ಬದಲಿಸುವುದು. ಕ್ಲೌಡ್‌ಫ್ಲೇರ್‌ನ 1.1.1.3 ಮತ್ತು 1.0.0.3 ಹಾಕಿದರೆ ವೈರಸ್ ಹರಡುವ ಸೈಟುಗಳು, ದೊಡ್ಡವರ ಸೈಟುಗಳು ಮುಚ್ಚುತ್ತವೆ, ಜಾಹೀರಾತು ಹಾಗೇ ಉಳಿಯುತ್ತದೆ. ಆಡ್‌ಗಾರ್ಡ್‌ನ ಫ್ಯಾಮಿಲಿ ನಂಬರ್ 94.140.14.15 ಮತ್ತು 94.140.15.16. ಇದರಲ್ಲಿ ಜಾಹೀರಾತೂ ಹೋಗುತ್ತದೆ, ಗೂಗಲ್ ಹುಡುಕಾಟದಲ್ಲಿ ಸೇಫ್‌ಸರ್ಚ್, ಅಂದರೆ ದೊಡ್ಡವರ ಫಲಿತಾಂಶ ಮರೆಮಾಡುವ ಸೆಟ್ಟಿಂಗ್ ಕೂಡ ತಾನಾಗಿ ಆನ್ ಆಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳು ಮಾತ್ರ ಇದ್ದರೆ ಇಷ್ಟು ಮಾಡಿ ನಿಲ್ಲಿಸಿ. ಎರಡು ಖಾನೆಗೂ ಅದೇ ಕಂಪನಿಯ ನಂಬರ್ ಹಾಕಿ. ಒಂದಕ್ಕೆ ಇದು, "ಇರಲಿ" ಅಂತ ಇನ್ನೊಂದಕ್ಕೆ ಏನನ್ನೂ ತಡೆಯದ ಗೂಗಲ್‌ನ 8.8.8.8 ಹಾಕಿದರೆ ಫೋನುಗಳು ಮನಸ್ಸಿಗೆ ಬಂದ ಕಡೆ ಕೇಳುತ್ತವೆ. ಎರಡನೆಯದು ಮೊದಲನೆಯದು ಕೆಟ್ಟಾಗ ಮಾತ್ರ ಅಂತೇನೂ ಇಲ್ಲ.

ಒಂದು ಮಾತು ನೆನಪಿರಲಿ. ಯಾವ ಸೈಟು ಮಕ್ಕಳಿಗೆ ಬೇಡ ಅನ್ನುವ ಪಟ್ಟಿ ಯಾರೋ ಎಲ್ಲೋ ಕೂತು ಮಾಡಿದ್ದು. ಕ್ಲೌಡ್‌ಫ್ಲೇರ್ ಈ ಸೇವೆ ಶುರು ಮಾಡಿದ್ದು 2020ರ ಏಪ್ರಿಲ್ 1ರಂದು. ಶುರುವಿನಲ್ಲೇ ಲೈಂಗಿಕ ಅಲ್ಪಸಂಖ್ಯಾತರಿಗೆ ನೆರವಾಗುವ ಸೈಟುಗಳೂ ಮುಚ್ಚಿಹೋಗಿದ್ದವು. ಕಂಪನಿ ಕ್ಷಮೆ ಕೇಳಿ ಸರಿ ಮಾಡಿತು. ಹದಿನಾರು-ಹದಿನೇಳರ ಮಕ್ಕಳಿರುವ ಮನೆಯಲ್ಲಿ ಕಣ್ಣುಮುಚ್ಚಿ ಎಲ್ಲರಿಗೂ ಒಂದೇ ಪಟ್ಟಿ ಹಾಕಬಾರದು ಅಂತ ನಾನು ಹೇಳುವುದು ಇದಕ್ಕೇ.

ನಮಗೆ ಆ ಸುಲಭದ ದಾರಿ ಇರಲಿಲ್ಲ. ಇಂಟರ್ನೆಟ್ ಕಂಪನಿಯವರು ಕೊಟ್ಟ ರೂಟರ್‌ನಲ್ಲಿ ಡಿಎನ್‌ಎಸ್ ಬದಲಿಸುವ ಖಾನೆಯೇ ಮುಟ್ಟಲಾಗದಂತೆ ಬೂದು ಬಣ್ಣದಲ್ಲಿತ್ತು. ಕಸ್ಟಮರ್ ಕೇರ್ ಹುಡುಗ "ಮೇಡಂ, ರೂಟರ್ ಆಫ್ ಮಾಡಿ ಆನ್ ಮಾಡಿ" ಅಂದ. ಹೀಗಾಗಿ ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಕೊಡುವ ಡಬ್ಬಿಯೊಂದನ್ನು ಮನೆಯೊಳಗೇ ಇಡುವ ಯೋಚನೆ ಬಂತು. ನನ್ನ ತಮ್ಮ ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ತಗೊಂಡಿದ್ದ ರಾಸ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅಟ್ಟದ ಮೇಲಿತ್ತು. ಕೇಬಲ್ ಹಾಕುವ ಪೋರ್ಟ್ ಇದೆ, ಕರೆಂಟು ಎಳೆಯುವುದು ಕೆಲವೇ ವ್ಯಾಟ್. ಹೊಸದು ಕೊಳ್ಳುವವರು ಪೈ ಝೀರೋ ಅಗ್ಗ ಅಂತ ಹೋಗಬಹುದು, ಆದರೆ ಅದರಲ್ಲಿ ಲ್ಯಾನ್ ಪೋರ್ಟ್ ಇಲ್ಲ, ವೈಫೈ ಮೇಲೇ ನಿಲ್ಲಬೇಕು. ಮೂಲೆಯಲ್ಲಿ ಬಿದ್ದ ಹಳೇ ಲ್ಯಾಪ್‌ಟಾಪ್ ಆದರೂ ಆಗುತ್ತದೆ. ಅದರ ಬ್ಯಾಟರಿಯೇ ಯುಪಿಎಸ್.

ಆ ಡಬ್ಬಿಯೊಳಗೆ ಹಾಕಲು ಆಡ್‌ಗಾರ್ಡ್ ಹೋಮ್‌ನಂಥದ್ದೇ ಇನ್ನೊಂದು ತಂತ್ರಾಂಶ ಪೈ-ಹೋಲ್. ನನ್ನ ತಮ್ಮ ಅದರ ಪಕ್ಷ. ನಿಜ, ಇದೇ ಬಗೆಯ ಸಾಧನಗಳಲ್ಲಿ ಅದಕ್ಕೆ ಹೆಸರು ಜಾಸ್ತಿ. 2025ರ ಫೆಬ್ರುವರಿಯಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಹಾಕಿಕೊಳ್ಳುವುದೂ ಹಗುರವಾಗಿದೆ. ಅದರ ಗ್ರಾಫ್ ನೋಡುತ್ತ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಬರೀ ಜಾಹೀರಾತು ತಡೆಯಬೇಕಿದ್ದರೆ ಅದನ್ನೇ ಹಾಕಿ. ಆದರೆ ಮಕ್ಕಳ ವಿಷಯಕ್ಕೆ ಬಂದಾಗ ಗುಂಪು ಮಾಡು, ಪಟ್ಟಿ ಹುಡುಕು, ರೂಲ್ ಬರಿ ಅನ್ನುತ್ತದೆ. ಆಡ್‌ಗಾರ್ಡ್ ಹೋಮ್‌ನಲ್ಲಿ ಒಂದೊಂದು ಸಾಧನಕ್ಕೂ ಬೇರೆ ಬೇರೆ ಗುಂಡಿಗಳಿವೆ. ಮಗನ ಟ್ಯಾಬ್‌ಗೆ ಸೇಫ್‌ಸರ್ಚ್ ಆನ್, ಇನ್‌ಸ್ಟಾಗ್ರಾಂ ಬಂದ್. ಟಿವಿಗೆ ಜಾಹೀರಾತು ಮಾತ್ರ ಬಂದ್. ನನ್ನ ಲ್ಯಾಪ್‌ಟಾಪ್‌ಗೆ ಇನ್ನೊಂದು ಥರ. ನಾನು ಇದನ್ನು ಆರಿಸಿದ್ದು ಇದೊಂದೇ ಕಾರಣಕ್ಕೆ.

ಕೊರತೆ ಇಲ್ಲವೆಂದಲ್ಲ. ಸಮಯ ನಿಗದಿ ಮಾಡುವ ಜಾಗ ತಲೆಕೆಳಗಾಗಿದೆ. ಯಾವಾಗ ತಡೆಯಬೇಕು ಅಂತ ಕೇಳುವುದಿಲ್ಲ, ಯಾವಾಗ ತಡೆಯಬಾರದು ಅಂತ ಕೇಳುತ್ತದೆ. ಅದೂ ದಿನಕ್ಕೆ ಒಂದೇ ಅವಧಿ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಒಂದು ಗಂಟೆ ಅಂತ ಕೊಡಲು ಆಗುವುದಿಲ್ಲ. ಒಂಬತ್ತಕ್ಕೆ ಬಂದ್ ಅಂದರೆ ಒಂಬತ್ತಕ್ಕೇ ನಿಲ್ಲುವುದೂ ಇಲ್ಲ. ಆಗಲೇ ನಂಬರ್ ತಗೊಂಡು ಓಡುತ್ತಿರುವ ವಿಡಿಯೋ ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ. ಮಗ ಇದನ್ನು ಬೇಗ ಕಂಡುಕೊಂಡ.

ಹಾಕುವಾಗ ಎಡವುವ ಕಡೆ ಎರಡು. ಒಂದು, ಐಪಿವಿ6, ಅಂದರೆ ಇಂಟರ್ನೆಟ್ ನಂಬರ್ ಕೊಡುವ ಹೊಸ ಪದ್ಧತಿ. ರೂಟರ್ ಇದರ ಮೂಲಕ ತನ್ನದೇ ಡಿಎನ್‌ಎಸ್ ಹಂಚುತ್ತಿದ್ದರೆ ಫೋನುಗಳು ನಿಮ್ಮ ಡಬ್ಬಿಯನ್ನು ಕೇಳುವುದೇ ಇಲ್ಲ. ಎಲ್ಲ ಸರಿ ಮಾಡಿದರೂ ಜಾಹೀರಾತು ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು. ನಮ್ಮ ರೂಟರ್‌ನಲ್ಲಿ ಅದನ್ನು ಆಫ್ ಮಾಡಲು ಬಿಟ್ಟಿದ್ದರು. ಎರಡು, ಈಗಿನ ಆಂಡ್ರಾಯ್ಡ್ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ನಂಬರ್ (ಒಂದೊಂದು ಸಾಧನಕ್ಕೂ ಇರುವ ಗುರುತಿನ ನಂಬರ್) ಬದಲು ಬೇರೊಂದು ನಂಬರ್ ತೋರಿಸುತ್ತವೆ. ಯಾವ ಸಾಧನ ಯಾರದು ಎಂದು ಗುರುತು ಹಿಡಿಯಬೇಕಿದ್ದರೆ ಮಗನ ಟ್ಯಾಬ್‌ನಲ್ಲಿ, ಮನೆ ವೈಫೈಗೆ ಮಾತ್ರ, ನಿಜವಾದ ಮ್ಯಾಕ್ ಬಳಸು ಅಂತ ಹೇಳಬೇಕು. ಮ್ಯಾಕ್‌ನಿಂದ ಗುರುತಿಸಲು ಆಡ್‌ಗಾರ್ಡ್ ಹೋಮ್ ಡಿಎಚ್‌ಸಿಪಿ ಕೆಲಸವನ್ನೂ, ಅಂದರೆ ಸಾಧನಗಳಿಗೆ ನಂಬರ್ ಹಂಚುವ ಕೆಲಸವನ್ನೂ ವಹಿಸಿಕೊಳ್ಳಬೇಕು. ರೂಟರ್‌ನಲ್ಲಿ ಅದನ್ನು ಆಫ್ ಮಾಡಿ ಇಲ್ಲಿ ಆನ್ ಮಾಡಿದೆ. ಬೂದು ಬಣ್ಣದ ಖಾನೆಯ ತಲೆನೋವೂ ಅಲ್ಲಿಗೆ ಮುಗಿಯಿತು.

ಇಷ್ಟಾದ ಮೇಲೆ ಏನು ಬದಲಾಯಿತು? ಟಿವಿ ಹೋಂ ಸ್ಕ್ರೀನ್‌ನ ದೊಡ್ಡ ಜಾಹೀರಾತು ಚೌಕ ಖಾಲಿಯಾಯಿತು. ಯಾವ ಸಾಧನ ಏನು ಕೇಳಿತು ಅನ್ನುವ ದಾಖಲೆ, ಅಂದರೆ ಲಾಗ್ ನೋಡಿದಾಗ ಎಲ್ಲರಿಗಿಂತ ಜಾಸ್ತಿ ಮಾತಾಡುವುದು ಆ ಟಿವಿಯೇ ಅಂತ ಗೊತ್ತಾಯಿತು. ಯಾರೂ ನೋಡದೆ ಸುಮ್ನೆ ಆನ್ ಇದ್ದಾಗಲೂ ಯಾರಿಗೋ ವರದಿ ಒಪ್ಪಿಸುತ್ತಿರುತ್ತದೆ. ಆಟಗಳ ನಡುವಿನ ಜಾಹೀರಾತೂ ಬಹುಪಾಲು ಹೋಯಿತು. ಮಗನಿಗೆ ಖುಷಿ ಆಗಬೇಕಿತ್ತು, ಆಗಲಿಲ್ಲ. "ಅಮ್ಮಾ, ಆ್ಯಡ್ ನೋಡಿದ್ರೆ ಒಂದು ಲೈಫ್ ಸಿಗ್ತಿತ್ತು, ಈಗ ಆ್ಯಡೇ ಬರ್ತಿಲ್ಲ" ಅಂತ ಅವನ ದೂರು. ನನಗೂ ಒಂದು ಅಡಚಣೆ ಇದೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲುಗಡೆ ಬರುವ ಸ್ಪಾನ್ಸರ್ಡ್ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಕೆಳಗಿನದನ್ನೇ ಒತ್ತಬೇಕು. ಯಜಮಾನರಿಗೆ ಇದನ್ನು ಅರ್ಥ ಮಾಡಿಸಲು ಹೋಗಿ ಸೋತೆ, "ನೆಟ್ ಸರಿಯಿಲ್ಲ" ಅನ್ನುವುದೇ ಅವರ ತೀರ್ಪು.

ಫ್ಯಾಮಿಲಿ ಲಿಂಕ್ ಬೇಕಾಗುವುದು ಡಿಎನ್‌ಎಸ್‌ಗೆ ಕೈ ಎಟುಕದ ಕಡೆ. ಟ್ಯಾಬ್ ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬೀಗ, ಇವೆಲ್ಲ ಅದರ ಕೆಲಸ. ಹೊಸ ಆ್ಯಪ್ ಹಾಕಬೇಕಾದರೆ ನನ್ನ ಫೋನಿಗೆ ಕೋರಿಕೆ ಬರುತ್ತದೆ. ಮುಖ್ಯವಾದದ್ದು ಇದೇ. ನೆಟ್ಟನ್ನೆಲ್ಲ ಬೇರೆ ಕಡೆಯ ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಆ್ಯಪ್ ಒಂದನ್ನು ಹಾಕಿಕೊಂಡರೆ ನನ್ನ ಡಬ್ಬಿಯ ಆಟ ಮುಗಿಯಿತು, ಅಲ್ವಾ? ಅದನ್ನು ಹಾಕದಂತೆ ತಡೆಯುವುದು ಫ್ಯಾಮಿಲಿ ಲಿಂಕ್. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಂಡರೆ ಮಕ್ಕಳಿಗೆ ಸಂದು ಸಿಕ್ಕೇ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಏನು ಮಾತಾಡುತ್ತಾರೆ ಅನ್ನೋದು ಇದರಲ್ಲಿ ಕಾಣುವುದಿಲ್ಲ. ಅದು ಕಾಣುತ್ತದೆ ಎಂದು ಹೇಳಿಕೊಳ್ಳುವ ಆ್ಯಪ್‌ಗಳ ಹತ್ತಿರ ನಾನು ಸುಳಿಯುವುದಿಲ್ಲ. ಐಫೋನ್ ನಮ್ಮ ಮನೆಯಲ್ಲಿಲ್ಲ, ಹಾಗಾಗಿ ಆ್ಯಪಲ್‌ನ ಸ್ಕ್ರೀನ್ ಟೈಮ್ ಬಗ್ಗೆ ನನ್ನ ಅಭಿಪ್ರಾಯವೂ ಇಲ್ಲ.

ಮಗಳ ವಿಷಯ ಬೇರೆ. ಆಡ್‌ಗಾರ್ಡ್ ಹೋಮ್ ಇರಲಿ, ಪೈ-ಹೋಲ್ ಇರಲಿ, ಮನೆಯವರೆಲ್ಲ ಯಾವ ಯಾವ ಸೈಟಿಗೆ ಹೋದರು ಅನ್ನುವ ಪಟ್ಟಿ ಹಾಕಿದವರ ಕಣ್ಣೆದುರು ಇರುತ್ತದೆ. ಇದನ್ನು ಮಾರುವವರು, ಹೊಗಳುವವರು ಯಾರೂ ಜೋರಾಗಿ ಹೇಳುವುದಿಲ್ಲ. ಹದಿನೇಳರ ಹುಡುಗಿ ರಾತ್ರಿ ಯಾವ ಕಾಯಿಲೆ, ಯಾವ ಅನುಮಾನದ ಬಗ್ಗೆ ಓದಿದಳು ಅನ್ನೋದು ನನಗೆ ತಿಳಿಯಬೇಕಿಲ್ಲ. ಆಡ್‌ಗಾರ್ಡ್ ಹೋಮ್‌ನಲ್ಲಿ ಒಂದೊಂದು ಸಾಧನದ ಸೆಟ್ಟಿಂಗ್‌ನಲ್ಲೂ ಲಾಗ್‌ನಿಂದ ಇದನ್ನು ಬಿಡು ಅನ್ನುವ ಆಯ್ಕೆ ಇದೆ. ಅವಳ ಫೋನಿಗೆ, ಅತ್ತೆ-ಮಾವನ ಫೋನಿಗೆ, ಯಜಮಾನರ ಫೋನಿಗೂ ಅದನ್ನು ಹಾಕಿದ್ದೇನೆ. ಅವಳಿಗೆ ಸೇಫ್‌ಸರ್ಚ್ ಕೂಡ ಹಾಕಿಲ್ಲ. ಅದು ಆನ್ ಇದ್ದರೆ ಯೂಟ್ಯೂಬ್ ಕೂಡ ರಿಸ್ಟ್ರಿಕ್ಟೆಡ್ ಮೋಡ್‌ಗೆ, ಅಂದರೆ ಕಟ್ಟುಪಾಡಿನ ಸ್ಥಿತಿಗೆ ಹೋಗುತ್ತದೆ, ಕಾಮೆಂಟ್‌ಗಳು ಮಾಯವಾಗುತ್ತವೆ, ಓದಿಗೆ ಬೇಕಾದ ವಿಡಿಯೋನೂ ಕೆಲವೊಮ್ಮೆ ಮರೆಯಾಗಬಹುದು. ಜಾಹೀರಾತು ಮಾತ್ರ ತಡೆದಿದ್ದೇನೆ. ಅದನ್ನು ಅವಳೇ ಕೇಳಿಕೊಂಡಳು.

ನೆಕ್ಸ್ಟ್‌ಡಿಎನ್‌ಎಸ್ ಬಗ್ಗೆ ತುಂಬ ಜನ ಕೇಳುತ್ತಾರೆ. ಡಬ್ಬಿ ಬೇಡ, ಎಲ್ಲ ಅವರ ಸರ್ವರ್‌ನಲ್ಲೇ, ಸೆಟ್ಟಿಂಗ್ ಅಚ್ಚುಕಟ್ಟು, ಹೊರಗೆ ಹೋದಾಗಲೂ ನಡೆಯುತ್ತದೆ. ಪುಕ್ಕಟೆ ಮಿತಿ ತಿಂಗಳಿಗೆ 3 ಲಕ್ಷ ಪ್ರಶ್ನೆ. ಒಬ್ಬರ ಫೋನಿಗೆ ಸಾಕಾಗಬಹುದು. ಟಿವಿ ಸೇರಿ ಇಡೀ ಮನೆಯಾದರೆ ತಿಂಗಳು ತುಂಬುವ ಮೊದಲೇ ಮುಗಿಯುವ ಸಾಧ್ಯತೆ ಜಾಸ್ತಿ. ಮುಗಿದ ಮೇಲೆ ನೆಟ್ ನಿಲ್ಲುವುದಿಲ್ಲ, ತಡೆ ನಿಲ್ಲುತ್ತದೆ. ದುಡ್ಡು ಕಟ್ಟುವುದಾದರೆ ಒಳ್ಳೆಯ ಸೇವೆ.

ಲ್ಯಾಪ್‌ಟಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಹೊತ್ತಿಗೆ ಕ್ರೋಮ್ ಹಳೆಯ ಬಗೆಯ ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳನ್ನು) ಕೈಬಿಟ್ಟಿತು, ಯುಬ್ಲಾಕ್ ಒರಿಜಿನ್ ಅದರಲ್ಲಿ ಹೋಯಿತು. ಅದರ ಲೈಟ್ ಆವೃತ್ತಿ ಇದೆ, ತಕ್ಕಮಟ್ಟಿಗೆ ಪರವಾಗಿಲ್ಲ. ಪೂರ್ತಿಯದು ಬೇಕಾದರೆ ಫೈರ್‌ಫಾಕ್ಸ್, ಆಂಡ್ರಾಯ್ಡ್‌ನಲ್ಲೂ ಸೇರಿ. ಹಾಕುವಾಗ "ಒರಿಜಿನ್" ಅನ್ನುವ ಪದ, ಅದನ್ನು ಮಾಡಿದ ರೇಮಂಡ್ ಹಿಲ್ ಅನ್ನುವ ಹೆಸರು ಎರಡೂ ಇದೆಯಾ ನೋಡಿ. ಬರೀ ಯುಬ್ಲಾಕ್ ಅನ್ನುವುದು ಬೇರೆಯವರದು.

ಕೊನೆಗೆ ಒಂದು ಖರ್ಚು ಮರೆಯಬೇಡಿ. ಕರೆಂಟು ಪಟ್ಟನೆ ಹೋಗಿ ಬಂದರೆ ಪೈನ ಮೆಮರಿ ಕಾರ್ಡ್ ಕೆಡುವ ಸಾಧ್ಯತೆ ಇದೆ. ರೂಟರ್‌ಗೆ ಹಾಕುವ ಸಣ್ಣ ಯುಪಿಎಸ್‌ನಲ್ಲಿ 5 ವೋಲ್ಟಿನ ಪೋರ್ಟ್ ಇರುವಂಥದ್ದು ತಗೊಂಡರೆ ಎರಡಕ್ಕೂ ಆಗುತ್ತದೆ. ಪೈಗೆ ಬೇಕಾದಷ್ಟು ಆಂಪಿಯರ್ ಕೊಡುತ್ತದಾ ಎಂದು ಡಬ್ಬದ ಮೇಲೆ ಓದಿಕೊಳ್ಳಿ. ಡಿಎಚ್‌ಸಿಪಿ ಕೂಡ ಅದರ ಕೈಯಲ್ಲಿದ್ದರೆ ಪೈ ಕೆಟ್ಟ ದಿನ ಮನೆಯ ನೆಟ್ಟೇ ಇಲ್ಲ. ರೂಟರ್‌ನ ಪಾಸ್‌ವರ್ಡ್, ಯಾವ ಪುಟದಲ್ಲಿ ಯಾವ ಗುಂಡಿ ಮತ್ತೆ ಆನ್ ಮಾಡಬೇಕು ಅನ್ನೋದನ್ನು ಚೀಟಿಯಲ್ಲಿ ಬರೆದು ಯಜಮಾನರ ಕಪಾಟಿನಲ್ಲಿ ಇಟ್ಟಿದ್ದೇನೆ. ಮಗನಿಗೆ ಆ ಕಪಾಟಿನ ಬೀಗದ ಕೈ ಎಲ್ಲಿದೆ ಅಂತ ಇನ್ನೂ ಗೊತ್ತಿಲ್ಲ.